ಧಣಿ ದುಬೈಯಲ್ಲಿ, ನೀರು ನಮ್ಮ ಬಾವಿಯಲ್ಲಿ

(ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಆಟಿ ತಿಂಗಳು. ಒಂದು ವಾರದಿಂದ ಬಿಡದೆ ಮಳೆ. ಬೆಳಿಗ್ಗೆ ಎದ್ದು ಬಾವಿಗೆ ಕೊಡಪಾನ ಇಳಿಸಿದೆ. ಆಟಿಯಲ್ಲಿ ನಮ್ಮ ಬಾವಿಗಳ ಕಥೆ ನಿಮಗೆ ಗೊತ್ತಲ್ಲ, ಬಗ್ಗಿದರೆ ಕೈಗೇ ನೀರು ಸಿಗುತ್ತದೆ. ಎಳೆದ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ತೆಳ್ಳಗೆ ಒಂದು ಪದರ. ಮೂಗಿನ ಹತ್ತಿರ ತಂದೆ. ಮುಂದಿನದ್ದು ವಿವರಿಸುವುದಿಲ್ಲ, ನೀವೆಲ್ಲ ಈಗಷ್ಟೇ ಚಾ ಕುಡಿದು ಕೂತಿದ್ದೀರಿ.

ನಮ್ಮ ಬಾವಿಯಿಂದ ಸ್ವಲ್ಪ ಮೇಲಕ್ಕೆ, ಪಾಗಾರದ ಆಚೆ, ಒಂದು ಕ್ವಾರ್ಟರ್ಸ್ ಇದೆ. ಎಂಟು ಕೋಣೆ, ಶೀಟಿನ ಮಾಡು. ಧಣಿ ದುಬೈಯಲ್ಲಿ. ತಿಂಗಳಿಗೊಮ್ಮೆ ಬೈಕಿನಲ್ಲಿ ಬಂದು ಬಾಡಿಗೆ ಎಣಿಸಿಕೊಂಡು ಹೋಗುವುದು ಅವರ ಭಾವ. ಕಾಸರಗೋಡಿನಲ್ಲಿ ಇಂಥ ಕ್ವಾರ್ಟರ್ಸ್ ಇಲ್ಲದ ಊರು ಯಾವುದು ಹೇಳಿ.

ನಾನು ಮೂವತ್ತು ವರ್ಷದಿಂದ ಇಂಥದೇ ಜಗಳಗಳ ಕಾಗದ ಬರೆಯುತ್ತಿರುವವನು. ಆದರೂ ಆ ಬೆಳಿಗ್ಗೆ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮುಂಡು ಎತ್ತಿ ಕಟ್ಟಿ, ಕೊಡೆ ಹಿಡಿದು ಹೋಗಿ, ಕ್ವಾರ್ಟರ್ಸಿನ ಮೊದಲ ಬಾಗಿಲು ಬಡಿದೆ. ತೆಗೆದವನು ಮುರ್ಷಿದಾಬಾದಿನ ಹುಡುಗ, ಮುರಕಲ್ಲಿನ ಕೋರೆಯಲ್ಲಿ ಕೆಲಸ. ಹಲ್ಲುಜ್ಜುತ್ತಿದ್ದ. ನನಗೆ ಬರುವ ಹಿಂದಿಯಲ್ಲೇ ಬೈದೆ. ನನ್ನ ಹಿಂದಿ ಕೇಳುವುದೂ ಒಂದು ಉಪದ್ರವೇ, ಪಾಪ. ಅವನು ಎದುರು ಮಾತಾಡಲಿಲ್ಲ. ಬಾಯಿ ತೊಳೆದುಕೊಂಡು, ಬನ್ನಿ ಎಂದು ಹಿತ್ತಿಲಿಗೆ ಕರೆದುಕೊಂಡು ಹೋದ.

ಎಂಟು ಕೋಣೆಯ ಮಂದಿಗೆಲ್ಲ ಒಂದೇ ಕಕ್ಕಸು. ಎರಡನೆಯದರ ಬಾಗಿಲು ಕಿತ್ತುಹೋಗಿ ಒಳಗೆ ಸಿಮೆಂಟ್ ಚೀಲ ತುಂಬಿಸಿದ್ದರು. ಗುಂಡಿಯ ಮುಚ್ಚಳ ಸೀಳಿತ್ತು. ಸೀಳಿನಿಂದ ಕಪ್ಪು ನೀರು ಉಕ್ಕಿ, ಸಣ್ಣ ತೋಡಿನ ಹಾಗೆ ನಮ್ಮ ಪಾಗಾರದ ಬುಡಕ್ಕೆ ಇಳಿಯುತ್ತಿತ್ತು. ಅದರ ಮೇಲೆ ದಾಟಲು ಹುಡುಗರು ಅಡಿಕೆ ಮರದ ಎರಡು ತುಂಡು ಹಾಕಿಕೊಂಡಿದ್ದರು. ನನಗೆ ಬಾವಿ ನೀರಿನ ಚಿಂತೆ. ಅವರು ದಿನಾ ಬೆಳಿಗ್ಗೆ ಆ ಅಡಿಕೆ ತುಂಡುಗಳ ಮೇಲೆ ಕಾಲಿಟ್ಟು ಹೋಗಬೇಕು. ಹುಡುಗ ಫೋನ್ ತೆಗೆದು ವಾಟ್ಸಾಪ್ ತೋರಿಸಿದ. ಗುಂಡಿಯ ಫೋಟೋ ಎರಡು ಸಲ ಭಾವನಿಗೆ ಕಳಿಸಿದ್ದಾನೆ. ಎರಡಕ್ಕೂ ನೀಲಿ ಗೀಟು ಬಿದ್ದಿದೆ. ಉತ್ತರ ಒಂದೇ: ಮಳೆ ನಿಲ್ಲಲಿ.

ಆಗ ನನಗೆ ನಾಚಿಕೆಯಾಯಿತು. ತಟ್ಟಬೇಕಾದ ಬಾಗಿಲು ಬೇರೆ ಇತ್ತು. ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ. ನೆರೆಯಿಂದ ಉಪದ್ರ ಬಂದಾಗ ಯಾರ ಬಾಗಿಲು ತಟ್ಟಬೇಕು?

ಕಣ್ಣಿಗೆ ಕಾಣುವವರು ಬಾಡಿಗೆಯವರು. ಅದಕ್ಕೇ ಮೊದಲ ಬೈಗುಳ ಅವರಿಗೆ. ಆದರೆ ಒಂದು ಲೆಕ್ಕ ಹಾಕಿ. ಗುಂಡಿ ಎಲ್ಲಿ ತೋಡಬೇಕೆಂದು ನಿಶ್ಚಯಿಸಿದವರು ಯಾರು? ಎಂಟು ಸಂಸಾರಕ್ಕೆಂದು ಕಟ್ಟಿದ್ದರಲ್ಲಿ ಒಂದು ಕೋಣೆಗೆ ಐದಾರು ಮಂದಿಯನ್ನು ತುಂಬಿಸಿದವರು ಯಾರು? ತಲೆಗಿಷ್ಟು ಎಂದು ಬಾಡಿಗೆ ತೆಗೆದುಕೊಳ್ಳುವವರು ಯಾರು? ನಾನು ಟೇಪು ಹಿಡಿದು ಅಳೆದೆ. ಗುಂಡಿಯಿಂದ ನಮ್ಮ ಬಾವಿಗೆ ಆರು ಮೀಟರ್ ಚಿಲ್ಲರೆ. ಕೇರಳದ ಕಟ್ಟಡ ನಿಯಮ ಹೇಳುವುದು ಕನಿಷ್ಠ 7.5 ಮೀಟರ್. ನಮ್ಮ ಮುರಕಲ್ಲಿನ ನೆಲಕ್ಕೆ ಅದೂ ಕಡಿಮೆಯೇ ಎಂದು ನನ್ನ ಅನಿಸಿಕೆ. ಮುರಕಲ್ಲು ಅಂದರೆ ಜರಡಿ. ಅದೇ ಗುಣದಿಂದ ನಮ್ಮ ಗುಡ್ಡೆಗಳಲ್ಲಿ ಸುರಂಗ ಕೊರೆದರೆ ನೀರು ಬರುತ್ತದೆ. ಒಳ್ಳೆ ನೀರು ಬರುವ ದಾರಿಯಲ್ಲೇ ಕೆಟ್ಟದ್ದೂ ಬರುತ್ತದೆ.

ಸರಿ, ಕಾನೂನು ಏನು ಹೇಳುತ್ತದೆ? ಹೆದರಬೇಡಿ, ಕಲಂಗಳ ಪಟ್ಟಿ ಓದುವುದಿಲ್ಲ. ಒಂದೇ ಒಂದು ಕಲಂ ನೆನಪಿಟ್ಟುಕೊಳ್ಳಿ. ಹಳೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು 133 ಆಗಿತ್ತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಸಾರ್ವಜನಿಕ ಉಪದ್ರವವನ್ನು ತೆಗೆಸುವ ಅಧಿಕಾರ ಅದರಲ್ಲಿದೆ. ಅರ್ಜಿ ಹೋಗುವುದು ಕಂದಾಯ ವಿಭಾಗಾಧಿಕಾರಿ, ಅಂದರೆ ಆರ್‌ಡಿಓ ಹತ್ತಿರ. ಅವರು ಮೊದಲು ಷರತ್ತಿನ ಆದೇಶ ಕೊಡುತ್ತಾರೆ: ಇಂತಿಷ್ಟು ದಿನದೊಳಗೆ ಸರಿಪಡಿಸು, ಇಲ್ಲವಾದರೆ ಬಂದು ಯಾಕೆ ಆಗುವುದಿಲ್ಲ ಎಂದು ಹೇಳು. ಎದುರಿನವರು ಬಂದು ತಕರಾರು ಹೇಳಿದರೆ ವಿಚಾರಣೆ. ಹೊಸ ಕಾಯ್ದೆಯಲ್ಲಿ ಅದನ್ನು 90 ದಿನದಲ್ಲಿ ಮುಗಿಸಬೇಕು ಎಂದಿದೆ. ಕಾರಣ ಬರೆದಿಟ್ಟು ಜಾಸ್ತಿ ಎಂದರೆ 120 ದಿನ. ಹಳೆಯದರಲ್ಲಿ ಈ ಗಡುವು ಇರಲಿಲ್ಲ. ಕಡತಗಳು ಗೆದ್ದಲಿಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ನನಗೆ ಆ ಕಲಮಿನಲ್ಲಿ ಇಷ್ಟವಾದದ್ದು ಮೂರು ಮಾತು. ಆದೇಶ ಯಾರಿಗೆ ಕೊಡಬಹುದು ಎನ್ನುವಾಗ ಕಾಯ್ದೆ ಧಣಿ ಎಂದಷ್ಟೇ ಹೇಳುವುದಿಲ್ಲ, ಬಾಡಿಗೆಯವನು ಎಂದಷ್ಟೇ ಹೇಳುವುದೂ ಇಲ್ಲ. ಆ ಕಟ್ಟಡದ ಒಡೆತನ ಇರುವವರು, ಅದು ಸ್ವಾಧೀನದಲ್ಲಿ ಇರುವವರು, ಅದರ ಮೇಲೆ ಹಿಡಿತ ಇರುವವರು ಎನ್ನುತ್ತದೆ. ಒಡೆತನ ದುಬೈಯವರದ್ದು. ಸ್ವಾಧೀನ ಬಂಗಾಲಿ ಹುಡುಗರದ್ದು. ಹಿಡಿತ? ಬೈಕಿನ ಭಾವನದ್ದು! ನನಗೂ ಮನೆಗೂ ಸಂಬಂಧವೇ ಇಲ್ಲ, ನಾನು ಬರೀ ದುಡ್ಡು ಕಲೆಕ್ಟ್ ಮಾಡುವವನು ಎಂದು ಹೇಳುವ ಭಾವಂದಿರನ್ನು ಹಿಡಿಯಲಿಕ್ಕೇ ಆ ಮಾತು ಇದೆಯೋ ಏನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಈ ಕಲಂ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮಧ್ಯಪ್ರದೇಶದ ರತ್ಲಾಮಿನ ಕೇಸು ನೋಡಬೇಕು. ಅಲ್ಲಿ ನ್ಯೂ ರೋಡ್ ಎಂಬ ಬೀದಿ. ತೆರೆದ ಚರಂಡಿ, ಸಾರಾಯಿ ಕಾರ್ಖಾನೆಯ ನಾರುವ ನೀರು, ಬಯಲಲ್ಲೇ ಬಹಿರ್ದೆಸೆ. ಬೀದಿಯವರು ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಚರಂಡಿ ಕಟ್ಟಿಸಿ ಎಂದು ಆದೇಶವಾಯಿತು. ನಗರಸಭೆ ದುಡ್ಡಿಲ್ಲ ಎಂದಿತು. ಇನ್ನೊಂದು ಮಾತೂ ಹೇಳಿತು, ಅದು ಗಮನಿಸಿ: ಇವರೆಲ್ಲ ಜಾಗ ಹೀಗಿದೆ ಎಂದು ಗೊತ್ತಿದ್ದೇ ಇಲ್ಲಿ ಬಂದು ಮನೆ ಮಾಡಿದವರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು, 1957ರ ಕೇರಳ ಸರಕಾರದಲ್ಲಿ ಮಂತ್ರಿಯಾಗಿದ್ದವರು. ನಗರಸಭೆಯ ಎರಡು ಮಾತನ್ನೂ ಅವರು ಕೇಳಲಿಲ್ಲ. ಕ್ವಾರ್ಟರ್ಸಿನ ಭಾವ ಆ ಹುಡುಗರಿಗೆ ಹೇಳಿದ್ದೂ ಅದನ್ನೇ, ನೋಡಿಕೊಂಡೇ ಬಂದಿದ್ದೀರಲ್ವಾ ಅಂತ.

ಇಲ್ಲಿ ಒಂದು ಎಚ್ಚರ. ಈ 152 ಸಾರ್ವಜನಿಕ ಉಪದ್ರಕ್ಕೆ ಮಾತ್ರ. ನಾಲ್ಕಾರು ಮನೆಗೆ, ದಾರಿಹೋಕರಿಗೆ ತೊಂದರೆ ಆಗುತ್ತಿದ್ದರೆ ಸರಿ. ನಿಮಗೂ ನಿಮ್ಮ ದಾಯಾದಿಗೂ ಮಾತ್ರ ಇರುವ ಬೇಲಿ ಜಗಳಕ್ಕೆ ಆರ್‌ಡಿಓ ಹತ್ತಿರ ಹೋದರೆ ವಾಪಸ್ ಕಳಿಸುತ್ತಾರೆ. ಅದಕ್ಕೆ ಮುನ್ಸಿಫ್ ಕೋರ್ಟಿನ ದಾವೆಯೇ ದಾರಿ.

ಮುನ್ಸಿಫ್ ಕೋರ್ಟು ಎಂದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಎಂದು ನಗುತ್ತೀರಿ. ಆದರೆ ನಮ್ಮ ಜಿಲ್ಲೆಯ ಅತಿ ದೊಡ್ಡ ನೆರೆಕರೆಯ ಉಪದ್ರ ಯಾವುದು? ಎಂಡೋಸಲ್ಫಾನ್. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು, ಇಪ್ಪತ್ತು ವರ್ಷಕ್ಕೂ ಹೆಚ್ಚು. ಎಣ್ಮಕಜೆ, ಸ್ವರ್ಗ, ಪಡ್ರೆಯ ಮಕ್ಕಳನ್ನು ನೀವು ಕಂಡಿದ್ದೀರಿ, ನಾನು ಹೇಳಬೇಕಿಲ್ಲ. ತೋಟ ಸರಕಾರದ ನಿಗಮದ್ದು, ವಿಷ ಇಳಿದದ್ದು ಪಕ್ಕದ ಮನೆಯ ಬಾವಿಗೆ. ನನ್ನ ಪಾಗಾರದ ಕಥೆಯೇ, ಅಳತೆ ಮಾತ್ರ ಬೇರೆ. ಅದಕ್ಕೆ ಕೋರ್ಟಿನಲ್ಲಿ ಮೊದಲ ತಡೆ ತಂದವರು ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿಯಮ್ಮ. 1998ರಲ್ಲಿ ನಮ್ಮ ಜಿಲ್ಲೆಯದ್ದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ. ಆ ಮೇಲೆ ಕೇಸು ಎಲ್ಲೆಲ್ಲೋ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು, 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಶುರುವಾದದ್ದು ಮಾತ್ರ ನಾವು ನಗುವ ಆ ಸಣ್ಣ ಕೋರ್ಟಿನಲ್ಲಿ, ಒಬ್ಬ ನೆರೆಮನೆಯವರ ದಾವೆಯಿಂದ.

ಹಾಗಾದರೆ ಬಾಡಿಗೆಯವರದ್ದು ತಪ್ಪೇ ಇರುವುದಿಲ್ಲವಾ? ಇರುತ್ತದೆ. ಕಸದ ಚೀಲ ಕಟ್ಟಿ ತೋಡಿಗೆ ಎಸೆಯುವುದು ಎಸೆದವರದ್ದೇ ತಪ್ಪು. ಅದಕ್ಕೆ ಧಣಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕೇರಳದಲ್ಲಿ ಪಂಚಾಯತ್ ಕಾನೂನಿಗೆ ಈಚೆಗೆ ತಿದ್ದುಪಡಿ ಆಗಿದೆ. ತೋಡು, ಹೊಳೆಗೆ ಕಸ ಸುರಿದರೆ 10,000ದಿಂದ 50,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷ ಜೈಲು. ಆದರೆ ಮನೆ ಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ತಿಂಗಳ 50 ರೂಪಾಯಿ ಯಾರು ಕೊಡಬೇಕು ಎಂದು ಕ್ವಾರ್ಟರ್ಸಿನಲ್ಲಿ ಕೇಳಿದರೆ ಎಂಟು ಕೋಣೆಯವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಧಣಿ ಅದನ್ನು ಬಾಡಿಗೆಯಲ್ಲೇ ಸೇರಿಸಿ ತಾನೇ ಕಟ್ಟಿದರೆ ಅರ್ಧ ಜಗಳ ಮುಗಿಯಿತು. ಇದಕ್ಕೆ ಕಾನೂನು ಬೇಡ, ಬಾಡಿಗೆ ಚೀಟಿಯಲ್ಲಿ ಒಂದು ಗೆರೆ ಸಾಕು.

ಗದ್ದಲದ ವಿಷಯವೂ ಹಾಗೆಯೇ. ಮನೆಯಿರುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಕುಂಬಳೆ ಸೀಮೆಯಲ್ಲಿ ಹುಟ್ಟಿದ ನಮಗೆ ಇದು ಸ್ವಲ್ಪ ಕಷ್ಟದ ನಿಯಮ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಚೆಂಡೆಯ ಪೆಟ್ಟು ಕೇಳದೆ ನಿದ್ದೆಯೇ ಬಾರದವರು. ಹಬ್ಬ, ಉತ್ಸವಕ್ಕೆ ಸರಕಾರ ವರ್ಷಕ್ಕೆ 15 ದಿನ ಮಧ್ಯರಾತ್ರಿವರೆಗೆ ಮೈಕಕ್ಕೆ ಬಿಡಬಹುದು. ಬೆಳಗಿನವರೆಗೆ ಅಲ್ಲ. ಕಾಲಮಿತಿ ಆಟ ಬಂದದ್ದಕ್ಕೆ ಬೇಸರಪಡುವ ಹಿರಿಯರು ಇಲ್ಲೇ ಕೂತಿದ್ದಾರೆ, ನಾನೂ ಅವರ ಕಡೆಯೇ. ಆದರೆ ಚೆಂಡೆಗೆ ಬೇಸರಪಡದ ನಮಗೆ ಪಕ್ಕದ ಹಾಲ್‌ನ ಡಿಜೆ ಕೇಳಿದರೆ ಮಾತ್ರ ಡೆಸಿಬೆಲ್ ನೆನಪಾಗುತ್ತದೆ. ಇರಲಿ, ಇದು ಬೇರೆ ದಾರಿಗೆ ಹೋಯಿತು.

ಇನ್ನೊಬ್ಬ ಧಣಿಯ ಕಥೆ ಹೇಳುತ್ತೇನೆ. ಅದು ನಾನೇ.

ಬಾವಿಯ ಗಲಾಟೆ ಮುಗಿದ ಒಂದು ತಿಂಗಳಿಗೆ ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದರು. ಆಚೆ ಮನೆಯಲ್ಲಿ ಒಬ್ಬರಿಗೆ ಡೆಂಗಿ. ತೋಟ ನೋಡಬೇಕು ಎಂದರು. ನೋಡಿ ಎಂದೆ, ಭಾರಿ ಧೈರ್ಯದಿಂದ. ಆ ಅಮ್ಮ ಬಿದ್ದ ಒಂದು ಅಡಿಕೆ ಹಾಳೆಯನ್ನು ಕೋಲಿನಲ್ಲಿ ಮಗುಚಿದರು. ಹಾಳೆಯ ಹೊಟ್ಟೆಯಲ್ಲಿ ಅಂಗೈಯಷ್ಟು ನೀರು, ಅದರಲ್ಲಿ ಸೂಜಿಯ ತುದಿಯಂಥ ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ಬಿಸಿಲು ಬಿದ್ದದ್ದೇ ತಡ, ಎಲ್ಲ ಒಟ್ಟಿಗೆ ಕುಣಿದುಕೊಂಡು ಅಡಿಗೆ ಹೋದವು. ಮತ್ತೊಂದು ಹಾಳೆ, ಮತ್ತೊಂದು. ಆಮೇಲೆ ಚಿರಟೆ. ಈ ಬಿಳಿ ಪಟ್ಟೆಯ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲಿಕ್ಕೆ ಒಂದು ವಾರ, ಹತ್ತು ದಿನ ಸಾಕಂತೆ. ದೂರ ಹಾರುವ ಜಾತಿಯೂ ಅಲ್ಲ. ನನ್ನ ತೋಟದ ಸೊಳ್ಳೆ ಕಚ್ಚುವುದು ನನ್ನ ನೆರೆಮನೆಯವರನ್ನೇ.

ಆಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತಾ? ತೋಟ ನಾನು ನೋಡುವುದಲ್ಲಮ್ಮ, ಅಡಿಕೆ ಕೊಯ್ಲು ಒಬ್ಬರಿಗೆ ವಹಿಸಿಕೊಟ್ಟಿದ್ದೇನೆ, ಅವರ ಹತ್ತಿರ ಹೇಳಿ!

ದುಬೈಯ ಧಣಿ ಹೇಳುವುದೂ ಇದನ್ನೇ ಅಲ್ವಾ. ಅವರಿಗೆ ಕನಿಷ್ಠ ಸಮುದ್ರ ದಾಟಿದ ನೆಪವಾದರೂ ಇತ್ತು. ನಾನು ಜಾಲಿನಲ್ಲೇ, ಮನೆಯ ಅಂಗಳದಲ್ಲೇ ನಿಂತಿದ್ದೆ. ಆ ಅಮ್ಮ ಮೆಲ್ಲಗೆ, ಜಾಗ ನಿಮ್ಮ ಹೆಸರಿನಲ್ಲೇ ಇದೆಯಲ್ಲ ಸಾರ್ ಎಂದರು. ನನ್ನ ಮೂವತ್ತು ವರ್ಷದ ವಕೀಲಿಗೆ ಅಷ್ಟು ಸಣ್ಣ ಎದುರುವಾದ ಯಾರೂ ಮಾಡಿರಲಿಲ್ಲ. ನಮ್ಮಲ್ಲಿ ಮದ್ರಾಸಿನ ಕಾಲದ 1939ರ ಆರೋಗ್ಯ ಕಾಯ್ದೆಯೇ ನಡೆಯುತ್ತಿತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೂ ಅದೇ. ಈಗ ಅದರ ಜಾಗಕ್ಕೆ 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದಿದೆ. ಸೊಳ್ಳೆ ಬೆಳೆಸುವುದು ಈಗ ದಂಡ ಬೀಳುವ ಕೆಲಸ.

ದಂಡದ ಮಾತು ಬಂತಲ್ಲ, ಒಂದು ತಮಾಷೆ ಕೇಳಿ. ಸಾರ್ವಜನಿಕ ಉಪದ್ರಕ್ಕೆ 1860ರ ದಂಡ ಸಂಹಿತೆಯಲ್ಲಿ 200 ರೂಪಾಯಿವರೆಗೆ ದಂಡ ಎಂದಿತ್ತು. ಆಗ ಅದು ದೊಡ್ಡ ದುಡ್ಡು. ಮೊನ್ನೆ ಮೊನ್ನೆಯವರೆಗೂ ಅದೇ 200. ಒಂದು ಕಿಲೋ ಬಂಗುಡೆಯ ಬೆಲೆ. ಹೊಸ ನ್ಯಾಯ ಸಂಹಿತೆಯಲ್ಲಿ ಅದನ್ನು 1,000 ಮಾಡಿದ್ದಾರೆ. ಅಂಜಲ್ ತಿನ್ನುವವರ ಲೆಕ್ಕಕ್ಕೆ ಬಂತು ಅಷ್ಟೆ. ಅದಕ್ಕೇ ನಾನು ದಂಡದ ಕಲಮಿಗಿಂತ ತೆಗೆಸುವ ಕಲಂ ಹಿಡಿಯಿರಿ ಎನ್ನುವುದು. ದಂಡ ಕಟ್ಟಿದರೂ ಗುಂಡಿ ಅಲ್ಲೇ ಇರುತ್ತದೆ.

ಧಣಿ ಒಬ್ಬನೇ ಆಗಿದ್ದರೂ ಇಷ್ಟು ಕಷ್ಟ. ಪಾಲಾಗದ ಆಸ್ತಿಯಾದರೆ ದೇವರೇ ಗತಿ. ಒಂದು ತೆಂಗಿನ ಮರದ ಕೇಸು ನನ್ನ ಹತ್ತಿರ ಬಂದಿತ್ತು. ಬುಡ ಬೀಗ ಹಾಕಿದ ಮನೆಯ ಹಿತ್ತಿಲಲ್ಲಿ, ತಲೆ ಪಕ್ಕದ ಮನೆಯ ಹಂಚಿನ ಮೇಲೆ. ಅಂಗನವಾಡಿಗೆ ಹೋಗುವ ದಾರಿಯೂ ಅದರ ಅಡಿಯಲ್ಲೇ. ಆಸ್ತಿ ನಾಲ್ಕು ಮಂದಿ ಒಡಹುಟ್ಟಿದವರದ್ದು. ಒಬ್ಬರು ಮುಂಬಯಿ, ಒಬ್ಬರು ಮಂಗಳೂರು, ಒಬ್ಬರು ಕತಾರ್, ತಂಗಿ ಮಾತ್ರ ಊರಲ್ಲಿ. ಪಂಚಾಯತ್ ರಾಜ್ ಕಾಯ್ದೆಯ 238ನೇ ಕಲಮಿನಲ್ಲಿ ಅಪಾಯದ ಮರಕ್ಕೆ ನೋಟೀಸು ಕೊಡಲಿಕ್ಕಿದೆ. ಸೆಕ್ರೆಟರಿ ಕೊಟ್ಟರು, ತಂಗಿಗೆ. ತಂಗಿ, ಅಣ್ಣಂದಿರನ್ನು ಕೇಳದೆ ಕಡಿಸಿದರೆ ನಾಳೆ ನನ್ನ ಮೇಲೇ ಕೇಸು ಎಂದರು. ಅದೂ ನಿಜವೇ. ಕೊನೆಗೆ ನಾಲ್ವರ ಹೆಸರೂ ಬರೆದು, ಫೋಟೋ ಸಮೇತ ನಾಲ್ವರಿಗೂ ಕಳಿಸಿದೆವು. ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು, ಅಷ್ಟೇ ಉದ್ದೇಶ. ಗೊತ್ತಾದ ಮೇಲೂ ಸುಮ್ನೆ ಕೂತ ಧಣಿಯ ಮೇಲೆ ಕೋರ್ಟಿಗೆ ಕರುಣೆ ಕಡಿಮೆ. ಮರ ಕಡಿಸಿದರು. ಬಿದ್ದ ಕಾಯಿ ಯಾರಿಗೆ ಎಂದು ಆಮೇಲೆ ಇನ್ನೊಂದು ಜಗಳವಾಯಿತು, ಆ ಕೇಸು ನಾನು ಹಿಡಿಯಲಿಲ್ಲ.

ಈಗ ವಾಪಸ್ ಕ್ವಾರ್ಟರ್ಸಿಗೆ ಬರೋಣ. ನಾನು ಪಂಚಾಯತಿಗೂ ಆರೋಗ್ಯ ಕೇಂದ್ರಕ್ಕೂ ಬರೆದೆ. ಪ್ರತಿ ಭಾವನಿಗೆ, ಪ್ರತಿಯ ಫೋಟೋ ದುಬೈಗೆ. ನಾಲ್ಕನೇ ದಿನ ಟ್ಯಾಂಕರ್ ಬಂತು. ಗುಂಡಿ ಖಾಲಿಯಾಯಿತು, ಹೊಸ ಮುಚ್ಚಳ ಬಿತ್ತು. ಗೆದ್ದೆ ಎಂದು ನಾನು ಹಿಗ್ಗಿದೆ.

ಆರನೇ ದಿನ ಸಂಜೆ ಮಳೆಯಲ್ಲಿ ಒಂದು ಪಿಕಪ್ ಬಂದು ನಿಂತಿತು. ಮೂರು ಕೋಣೆಯ ಹುಡುಗರು ಚಾಪೆ, ಕುಕ್ಕರ್, ಫ್ಯಾನು ಹತ್ತಿಸುತ್ತಿದ್ದರು. ಮಂದಿ ಕಡಿಮೆ ಮಾಡಬೇಕು ಎಂದು ಭಾವ ಒಂದೇ ದಿನದ ಗಡುವು ಕೊಟ್ಟಿದ್ದನಂತೆ. ಯಾರನ್ನು ಮೊದಲು ಕಳಿಸಿದ? ಗುಂಡಿಯ ಫೋಟೋ ಕಳಿಸಿದ ಹುಡುಗನನ್ನು. ಅವನು ನನ್ನನ್ನು ನೋಡಿದ, ಏನೂ ಹೇಳಲಿಲ್ಲ. ಫ್ಯಾನಿನ ಮೇಲೆ ಪ್ಲಾಸ್ಟಿಕ್ ಹೊದೆಸುತ್ತಿದ್ದ.

ಧಣಿಗಳನ್ನು ಹೊಣೆ ಮಾಡಿ ಎಂದು ನಾವು ಕೇಳುವಾಗ ಇದು ನೆನಪಿರಬೇಕು. ಅಮೆರಿಕದ ಊರೂರುಗಳಲ್ಲಿ ಇಂಥ ನಿಯಮಗಳಿವೆ. ಪೆನ್ಸಿಲ್ವೇನಿಯಾದ ನಾರಿಸ್ಟೌನ್ ಎಂಬಲ್ಲಿ ಒಂದು ಮನೆಗೆ ನಾಲ್ಕು ತಿಂಗಳಲ್ಲಿ ಮೂರು ಸಲ ಪೊಲೀಸರು ಗಲಾಟೆಗೆಂದು ಬಂದರೆ, ಧಣಿ ಬಾಡಿಗೆಯವರನ್ನು ಹೊರಹಾಕಬೇಕು, ಇಲ್ಲವಾದರೆ ಬಾಡಿಗೆಗೆ ಕೊಡುವ ಅವನ ಲೈಸೆನ್ಸ್ ಹೋಗುತ್ತದೆ ಎಂದು ಮಾಡಿದ್ದರು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅಲ್ಲೊಬ್ಬ ಹೆಣ್ಣುಮಗಳನ್ನು ಅವಳ ಹಳೆಯ ಗೆಳೆಯ ಹೊಡೆಯುತ್ತಿದ್ದ. ಪೊಲೀಸರನ್ನು ಕರೆದರೆ ಮನೆ ಹೋಗುತ್ತದೆ ಎಂದು ಅವಳಿಗೆ ಹೆದರಿಕೆ. 2012ರಲ್ಲಿ ಅವನು ಒಡೆದ ಗಾಜಿನಿಂದ ಅವಳ ಕುತ್ತಿಗೆಗೆ ಚುಚ್ಚಿದ. ಆಗಲೂ ಅವಳು ನೆರೆಯವರ ಹತ್ತಿರ ಕರೆಯಬೇಡಿ ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಊರಿನ ಆಡಳಿತ ಅವಳನ್ನೇ ಹೊರಹಾಕಲು ಹೊರಟಿತು. ಕೇಸಾಯಿತು, 2014ರಲ್ಲಿ ಆ ನಿಯಮವನ್ನು ಹಿಂದೆಗೆದುಕೊಂಡರು. ಉಪದ್ರ ಪಟ್ಟವಳೇ ಉಪದ್ರದ ಲೆಕ್ಕಕ್ಕೆ ಬಿದ್ದಿದ್ದಳು.

ಅದಕ್ಕೆ ಈಗ ನಾನು ಇಂಥ ದೂರು ಬರೆಯುವಾಗ ಕೊನೆಯಲ್ಲಿ ಒಂದು ಗೆರೆ ಸೇರಿಸುತ್ತೇನೆ. ಗುಂಡಿಯನ್ನು ಧಣಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಕಕ್ಕಸು ಹೆಚ್ಚು ಮಾಡಬೇಕು, ವಾಸ ಇರುವವರನ್ನು ಹೊರಹಾಕುವುದು ನನ್ನ ಬೇಡಿಕೆ ಅಲ್ಲ. ಇದಕ್ಕೆ ದೊಡ್ಡ ಕಾನೂನಿನ ಬಲ ಇದೆ ಎಂದು ಹೇಳುವುದಿಲ್ಲ. ಆದರೆ ಭಾವ ನಾಳೆ, ಪಕ್ಕದ ವಕೀಲರು ಹೇಳಿದ್ದಕ್ಕೆ ನಿಮ್ಮನ್ನು ಕಳಿಸುತ್ತಿದ್ದೇನೆ ಎಂದು ಹೇಳುವ ಹಾಗಿಲ್ಲ. ಪ್ರತಿಯನ್ನು ಬಾಡಿಗೆಯವರ ಬಾಗಿಲಿಗೂ ಒಂದು ಕೊಡುತ್ತೇನೆ.

ಇನ್ನೊಂದು, ದೂರು ಕನ್ನಡದಲ್ಲೇ ಬರೆಯಿರಿ. ಮಲಯಾಳ ಬರೆಯಲು ಬರುವುದಿಲ್ಲ ಎಂದು ಎಷ್ಟೋ ಮಂದಿ ಅರ್ಜಿಯನ್ನೇ ಕೊಡುವುದಿಲ್ಲ, ನೋಟೀಸು ಬಂದರೆ ಓದಲಾಗದೆ ಡ್ರಾಯರಿನಲ್ಲಿ ಇಡುತ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಕೌಂಟರಿನಲ್ಲಿ ಮುಖ ಸಿಂಡರಿಸಿದರೆ ಸಿಂಡರಿಸಲಿ. ರಶೀದಿ ಕೇಳಿ ತೆಗೆದುಕೊಳ್ಳಿ, ತಾರೀಕು ಹಾಕಿಸಿ. ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿ ಬಾಯಲ್ಲಿ ಹೇಳಿದ್ದೇವೆ ಸಾರ್ ಎನ್ನುತ್ತಾರೆ. ಬಾಯಿಯ ಮಾತಿಗೆ ತಾರೀಕು ಇರುವುದಿಲ್ಲ.

ಆ ಹುಡುಗ ಎಲ್ಲಿಗೆ ಹೋದ ಎಂದು ಯಾರೋ ಕೇಳಿದಿರಿ. ಸೀತಾಂಗೋಳಿ ಕಡೆಗೆ ಹೋದ. ಅಲ್ಲಿನ ಕ್ವಾರ್ಟರ್ಸಿನಿಂದ ಮೊನ್ನೆ ನನಗೊಂದು ಫೋಟೋ ಕಳಿಸಿದ್ದಾನೆ. ಗುಂಡಿಯದ್ದು. ಮುಚ್ಚಳ ಸರಿ ಇದೆ, ಆದರೆ ಪಕ್ಕದಲ್ಲೇ ಒಂದು ಬಾವಿಕಟ್ಟೆ ಕಾಣುತ್ತದೆ. ನಾಳೆ ಟೇಪು ತೆಗೆದುಕೊಂಡು ಹೋಗುವವನಿದ್ದೇನೆ.